ಹಲೋ ಸಾಹೇಬರ ಕೆಂಪು ದೀಪ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರಾಗಿದ್ದ ಆ ಮನುಷ್ಯರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಬೀದಿಯವರು ಅದನ್ನು ಮರೆತು ಬಹಳ ದಿನವಾಗಿತ್ತು. ಅವರ ಮಹಡಿಮನೆಯ ಕಿಟಕಿಯಿಂದ ಪ್ರತಿ ಸಂಜೆ "ಹಲೋ... ಹಲೋ... ಯಾರಾದರೂ ಕೇಳಿಸಿಕೊಳ್ತಾ ಇದೀರಾ? ಹಲೋ..." ಎಂಬ ಆರ್ತನಾದ ಹೊರಬೀಳುತ್ತಿದ್ದುದರಿಂದ ಜನ ಅವರನ್ನು ಹಲೋ ಸಾಹೇಬರು ಎಂದೇ ಕರೆಯುತ್ತಿದ್ದರು.

ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿದ್ದು ನಿವೃತ್ತರಾದ ಮುದುಕರೊಬ್ಬರಿಂದ ಸಾಹೇಬರು ಒಂದು ಹಳೆಯ ಹವ್ಯಾಸಿ ರೇಡಿಯೋ ಸೆಟ್ಟು ಕೊಂಡಿದ್ದರು. ಕೇಳುವುದಕ್ಕೂ ಅದೇ, ಮಾತಾಡುವುದಕ್ಕೂ ಅದೇ. ಬೂದು ಬಣ್ಣದ ತಗಡಿನ ಮೈ, ಹೊಟ್ಟೆಯೊಳಗೆ ಗಾಜಿನ ವಾಲ್ವುಗಳು, ಒಬ್ಬರೇ ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಪರೀಕ್ಷೆ ಪಾಸು ಮಾಡಿ ಲೈಸೆನ್ಸು ಪಡೆದು, ಮಾಳಿಗೆಯ ಮೇಲೆ ತಂತಿ ಕಟ್ಟಿ, ಸಾಹೇಬರು ಲೋಕದೊಡನೆ ಸಂಭಾಷಣೆಗೆ ಕುಳಿತಿದ್ದರು.

"ನಾನು ಇಲ್ಲಿ ಕೆಮ್ಮಿದರೆ ಸಾಕು, ಸಮುದ್ರದಾಚೆಯಿಂದ 'ಯಾಕೆ ಸಾರ್, ನೆಗಡಿಯಾ?' ಅಂತ ಕೇಳ್ತಾರೆ," ಎಂದು ಕ್ಷೌರದಂಗಡಿಯಲ್ಲಿ, ಕಚೇರಿಯ ಮೆಟ್ಟಿಲ ಮೇಲೆ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತಾಗಲೂ ಹೇಳಿಕೊಂಡಿದ್ದರು. ಸತ್ಯ ಏನೆಂದರೆ ಸಮುದ್ರದಾಚೆಯವರಿರಲಿ, ಪಕ್ಕದ ಊರಿನವರೂ ಅವರಿಗೆ ಒಂದೇ ಒಂದು ಸಲ ಉತ್ತರ ಕೊಟ್ಟಿರಲಿಲ್ಲ. ಅವರಿವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವುದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತಿತ್ತು. ಸಾಹೇಬರು ಕರೆದ ಕೂಡಲೇ ಲೋಕಕ್ಕೆಲ್ಲ ಕಿವುಡು ಬಡಿಯುತ್ತಿತ್ತು.

"ವಾತಾವರಣ ಸರಿಯಿಲ್ಲ," ಎಂದು ಅವರು ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದರು.

"ಯಾವ ವಾತಾವರಣ, ಮೇಲಿನದಾ, ಮನೆಯದಾ?" ಎಂದು ಆಕೆ ಕೇಳುತ್ತಿದ್ದರು.

ಇಷ್ಟು ದೊಡ್ಡ ಮಾತಿನ ಸಾಹೇಬರ ಎದೆ ಮಾತ್ರ ಗುಬ್ಬಿಯದು. ಹಗ್ಗವನ್ನು ಹಾವೆಂದು ಹೆದರುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಸಾಹೇಬರು ಹಗ್ಗವೇ ಇಲ್ಲದ ಕಡೆಯೂ ಹೆದರಬಲ್ಲವರು. ದೂರು ವಿಭಾಗದಲ್ಲಿ ದಿನವಿಡೀ "ನಲ್ಲೀಲಿ ನೀರಿಲ್ಲ, ನಿಮಗೆ ನಾಚಿಕೆ ಇಲ್ಲ" ಎಂಬಂಥ ಮಾತುಗಳಿಗೆ ತಲೆಯಾಡಿಸುವುದು, ಮ್ಯಾನೇಜರ್ ಗದರಿದರೆ ಮೂತಿ ಸಣ್ಣದು ಮಾಡಿಕೊಳ್ಳುವುದು, ಮನೆಗೆ ಬಂದು ಒಬ್ಬರೇ ಇದ್ದಾಗ ಅದನ್ನೆಲ್ಲ ಗೊಣಗಿ ಹೊರಹಾಕುವುದು, ಇದು ಅವರ ಜೀವನಕ್ರಮ. ಗೊಣಗುವಾಗ ಮಾತ್ರ ಅವರಷ್ಟು ಧೈರ್ಯವಂತರು ಇನ್ನೊಬ್ಬರಿರಲಿಲ್ಲ.

ಆಗ ಸೆಟ್ಟಿಗೊಂದು ಕಾಯಿಲೆ ಬಂತು. ಅದರೊಳಗೆ ರಿಲೇ ಎಂಬ ಪುಟ್ಟ ಸ್ವಿಚ್ಚೊಂದಿದೆ. ಮೈಕಿನ ಗುಂಡಿ ಒತ್ತಿದರೆ ಅದು 'ಟಿಕ್' ಎಂದು ಮಾತಿನ ಕಡೆಗೆ ಹೊರಳುತ್ತದೆ, ಬಿಟ್ಟರೆ 'ಟಿಕ್' ಎಂದು ಕೇಳುವ ಕಡೆಗೆ ವಾಪಸು ಬರುತ್ತದೆ. ವಯಸ್ಸಾದ ರಿಲೇ ವಾಪಸು ಬರಲು ತಕರಾರು ತೆಗೆಯತೊಡಗಿತು. "ಸ್ಪಿರಿಟ್ಟಲ್ಲಿ ಅದ್ದಿದ ಕಾಗದದ ಚೂರನ್ನ ಅದರ ತಗಡಿನ ಎಲೆಗಳ ನಡುವೆ ಎಳಿ, ಕಪ್ಪು ಬಿಡುತ್ತೆ. ಬೇರೆ ಏನೂ ಮಾಡಬೇಡ," ಎಂದು ಹಡಗಿನ ತಾತ ಮಾರುವಾಗಲೇ ಹೇಳಿದ್ದರು.

ಒಂದು ಭಾನುವಾರ ಮಧ್ಯಾಹ್ನ ಸಾಹೇಬರು ಶಸ್ತ್ರಚಿಕಿತ್ಸೆಗೆ ನಿಂತರು. ಪ್ಲಗ್ಗು ಕಿತ್ತ ಮೇಲೂ ವಾಲ್ವಿನ ಸೆಟ್ಟಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ ಎಂದು ಯಾರೋ ಹೇಳಿದ್ದರು. ಆದ್ದರಿಂದ ಕಾಲಿಗೆ ರಬ್ಬರ್ ಚಪ್ಪಲಿ, ಒಂದು ಕೈ ಜೇಬಿನಲ್ಲಿ, ಪಕ್ಕದಲ್ಲಿ ಮರದ ಸೌಟು ಹಿಡಿದ ಹೆಂಡತಿ.

"ನಾನು ಅಂಟಿಕೊಂಡ್ರೆ ಸೌಟಿಂದ ಹೊಡಿ."

"ಎಲ್ಲಿಗೆ?"

"ಕೈಗೆ."

"ಕೈಗೆ ಮಾತ್ರ ಸಾಕಾ?" ಎಂದು ಆಕೆ ಕೇಳಿದ ರೀತಿ ಸಾಹೇಬರಿಗೆ ಅಷ್ಟಾಗಿ ಹಿಡಿಸಲಿಲ್ಲ. ರಿಲೇ ಸಿಕ್ಕ ಮೇಲೆ ಆಕೆಯನ್ನು ಅಡುಗೆಮನೆಗೆ ಕಳಿಸಿದರು. ಸ್ಪಿರಿಟ್ಟು ಮುಗಿದಿತ್ತು. ಉಗುರು ತಿಕ್ಕುವ ಅರ ಕೈಗೆ ಸಿಕ್ಕಿತು. ಅದರಿಂದಲೇ ನಾಲ್ಕು ಸಲ ಉಜ್ಜಿ, ಬಾಗಿದ್ದ ತಗಡಿನ ಎಲೆಯನ್ನು ಇನ್ನಷ್ಟು ಬಾಗಿಸಿ, ಮುಚ್ಚಳ ಹಾಕಿದರು. ಸೆಟ್ಟಿನ ಮುಖ ಇನ್ನೂ ಗೋಡೆಯ ಕಡೆಗಿತ್ತು. ಹಿಂದಿನ ವೈರುಗಳನ್ನೆಲ್ಲ ಸಿಕ್ಕಿಸಿ, ಕೈಯನ್ನು ಮುಂಭಾಗಕ್ಕೆ ಬಳಸಿ ಸ್ವಿಚ್ಚು ಹಾಕಿ, ಕಿವಿಗೆ ಹೆಡ್‌ಫೋನು ಏರಿಸಿದರು. ಸದ್ದೇ ಇಲ್ಲ.

"ವಾಲ್ವು ಕಾಯಲಿ," ಎಂದುಕೊಂಡು ಸಾಹೇಬರು ಸ್ಕ್ರೂಡ್ರೈವರುಗಳನ್ನು ಒರೆಸುತ್ತ ವಾರದ ಗೊಣಗಾಟಕ್ಕೆ ಇಳಿದರು. ಮೈಕು ಪೆನ್ಸಿಲ್ ಡಬ್ಬಿಗೆ ಒರಗಿಕೊಂಡು ಗಮನವಿಟ್ಟು ಕೇಳುತ್ತಿತ್ತು. ಮೊದಲು ಮ್ಯಾನೇಜರ್ ಬಂದರು: "ಮನುಷ್ಯನಾ ಅದು? ಕೋಟು ಹಾಕಿದ ಕತ್ತೆ." ಅನಂತರ ಕೆಳಗಿನ ಮನೆಯಲ್ಲಿರುವ ಮಾಲೀಕರು, ನಿವೃತ್ತಿಯಾದ ಮೇಲೆ ಸಂಗೀತ ಕಲಿಯತೊಡಗಿದ್ದವರು: "ಬೆಳಗಾದ್ರೆ ಶುರು. ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಕೂಗು." ಕೊನೆಗೆ ಹೆಣ್ಣು ಕೊಟ್ಟ ಮಾವ: "ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಮದುವೆ ದಿನ ಬಾಡಿಗೆ ಉಳಿಸೋಕೆ ಕುರ್ಚಿಯಿಂದ ನನ್ನನ್ನೇ ಎಬ್ಬಿಸಿದ." ಹೀಗೆ ಅರ್ಧ ಗಂಟೆ ಸಾಹೇಬರು ವಿವರವಾಗಿ, ಉದಾಹರಣೆ ಸಹಿತ ಮಾತಾಡಿದರು.

ಆಮೇಲೆ ಸೆಟ್ಟನ್ನು ಈ ಕಡೆ ತಿರುಗಿಸಿದರು.

ಮುಂಭಾಗದ ಕೆಂಪು ದೀಪ ಉರಿಯುತ್ತಿತ್ತು. ಆ ದೀಪ ಉರಿಯಿತೆಂದರೆ ಮಾತು ಹೊರಗೆ ಹೋಗುತ್ತಿದೆ ಎಂದು ಅರ್ಥ.

"ಅಯ್ಯೋ," ಎಂದರು ಸಾಹೇಬರು. ಮೀಟರಿನ ಮುಳ್ಳು ಛಂಗನೆ ನೆಗೆಯಿತು.

"ಅಯ್ಯಯ್ಯೋ!" ಮುಳ್ಳು ಎರಡು ಸಲ ನೆಗೆಯಿತು.

ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಪ್ಲಗ್ಗು ಕಿತ್ತು, ಅವರು ನೆಲದ ಮೇಲೆ ಕೂತುಬಿಟ್ಟರು. ಹೆಂಡತಿ ಸೌಟು ಹಿಡಿದೇ ಓಡಿಬಂದರು.

"ಮುಗೀತು ಕಣೇ. ರಿಲೇ ಕಚ್ಚಿಕೊಂಡಿತ್ತು. ನಾನಂದಿದ್ದೆಲ್ಲ ಪ್ರಪಂಚಕ್ಕೆ ಹೋಗಿಬಿಟ್ಟಿದೆ."

"ಇಷ್ಟು ದಿನ ನಿಮ್ಮ ಮಾತು ಯಾರೂ ಕೇಳಿಸಿಕೊಂಡಿಲ್ವಲ್ರೀ. ಇವತ್ತು ಮಾತ್ರ ಕೇಳಿಸಿಕೊಂಡ್ರಾ?"

ಇಲ್ಲಿ ಸಾಹೇಬರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಯಾರೂ ಕೇಳಿಸಿಕೊಂಡಿಲ್ಲ ಎಂದರೆ ಮಾನ ಹೋಗುತ್ತದೆ, ಕೇಳಿಸಿಕೊಂಡಿದ್ದಾರೆ ಎಂದರೆ ಪ್ರಾಣ ಹೋಗುತ್ತದೆ. ಸ್ವಲ್ಪ ಯೋಚಿಸಿ, "ಕೇಳಿಸಿಕೊಂಡಿದ್ದಾರೆ," ಎಂದರು.

ಮ್ಯಾನೇಜರ್, ಮಾಲೀಕರು, ತಮ್ಮ ಅಪ್ಪ, ಎಲ್ಲರ ಪಾಲಿನ ಬೈಗುಳವನ್ನೂ ಆಕೆ ನಿಂತೇ ಕೇಳಿದರು. "ನನ್ನ ಬಗ್ಗೆ ಏನಂದ್ರಿ?"

"ದೇವರಾಣೆ, ನಿನ್ನ ಬಗ್ಗೆ ಒಂದು ಮಾತೂ ಇಲ್ಲ."

"ಒಂದೂ ಇಲ್ವಾ? ಅರ್ಧ ಗಂಟೆ ಪ್ರಪಂಚದ ಹತ್ರ ಮಾತಾಡಿದೀರಿ, ಹೆಂಡತಿ ನೆನಪೇ ಬರಲಿಲ್ವಾ?" ಆಕೆ ಸೌಟನ್ನು ಮೇಜಿನ ಮೇಲೆ ಕುಕ್ಕಿ ಅಡುಗೆಮನೆಗೆ ಹೋದರು. ಆ ಸಂಜೆ ಸಾಹೇಬರನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಸಂಗೀತ ಕೇಳಿಸಲಿಲ್ಲ. ಬೈಗುಳ ಕೇಳಿಸಿಕೊಂಡೇ ನಿಲ್ಲಿಸಿದ್ದಾರೆ ಎಂದುಕೊಂಡರು ಸಾಹೇಬರು. ಕಳ್ಳಹೆಜ್ಜೆಯಲ್ಲಿ ಮೆಟ್ಟಿಲಿಳಿಯುತ್ತಿದ್ದಾಗ ಬಾಗಿಲಲ್ಲೇ ಮಾಲೀಕರು ನಿಂತಿದ್ದರು. ಕುತ್ತಿಗೆಯಿಂದ ತಲೆಯವರೆಗೆ ಮಫ್ಲರು, ಮುಖ ಕೆಂಪಗೆ ಊದಿಕೊಂಡಿದೆ, ಕಣ್ಣಲ್ಲಿ ನೀರು. ಮಾತಿಲ್ಲ. ಬೆರಳನ್ನು ಸಾಹೇಬರ ಕಡೆ ತೋರಿಸಿದರು, ಮಹಡಿಯ ಕಡೆ ತೋರಿಸಿದರು, ಕೊನೆಗೆ ತಮ್ಮ ಬಾಯಿಯ ಕಡೆ ತೋರಿಸಿದರು.

"ಗೊತ್ತಾಯ್ತಾ ನಿಮಗೆ!" ಸಾಹೇಬರು ಕೈಜೋಡಿಸಿದರು. "ತಪ್ಪಾಯ್ತು ಯಜಮಾನ್ರೇ. ಬಾಲ ಸಿಕ್ಕ ಬೆಕ್ಕು ಅಂದಿದ್ದು ನಿಜ, ಆದ್ರೆ ಬಾಗಿಲಿಗೆ ಸಿಕ್ಕಿದ್ದು ಅಂದೆ. ಅಂದ್ರೆ ತಪ್ಪು ಬಾಗಿಲದು. ನಿಮ್ಮ ಕಂಠದ್ದಲ್ಲ. ಪ್ರಪಂಚಕ್ಕೆಲ್ಲ ಕೇಳಿಸುತ್ತೆ ಅಂತ ನನಗೇನು ಗೊತ್ತಿತ್ತು?"

ಮಾಲೀಕರು ನಿಧಾನವಾಗಿ ಮಫ್ಲರು ಸಡಿಲಿಸಿದರು. "ಹಲ್ಲುನೋವು ಕಣಪ್ಪಾ," ಎಂದರು. "ಮೇಲೆ ಬಿಸಿನೀರಿನ ಚೀಲ ಇದ್ರೆ ಕೊಡ್ತೀಯಾ ಅಂತ ಕೇಳೋಕೆ ನಿಂತಿದ್ದೆ. ಬೆಕ್ಕು ಅಂದ್ಯಾ?"

ಸಾಹೇಬರು ಬಿಸಿನೀರಿನ ಚೀಲ ಕೊಡದೆಯೇ ಬಸ್ಸು ಹಿಡಿದರು.

ಕಚೇರಿಯಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಜವಾನ ಬಂದ. "ಮ್ಯಾನೇಜರ್ ಕರೀತಿದಾರೆ. ನಿಮ್ಮ ರೇಡಿಯೋ ವಿಷ್ಯ ಅಂತೆ."

ದೂರು ವಿಭಾಗದಿಂದ ಮ್ಯಾನೇಜರ್ ಕೋಣೆಗೆ ಹೋಗುವ ದಾರಿ ಅಂದು ಬಹಳ ಉದ್ದವಿತ್ತು. ಬೇಸಿಗೆಯಲ್ಲೂ ಕೋಟು ಬಿಚ್ಚದ ಮ್ಯಾನೇಜರ್ ತಲೆ ಎತ್ತದೆ, "ನಿಮ್ಮ ರೇಡಿಯೋ ಬಗ್ಗೆ ಕೇಳಿದೆ ಕಣ್ರೀ," ಎಂದರು.

"ಕೇಳಿದ್ರಾ ಸಾರ್! ಪೂರ್ತಿ ಕೇಳಿದ್ರಾ?"

"ಸಾಕಷ್ಟು ಕೇಳಿದೀನಿ."

"ಸಾರ್, ಕೋಟು ಅಂದಿದ್ದು ಗೌರವದಿಂದ. ಕತ್ತೆ ಅನ್ನೋದು ಬಾಯಿ ತಪ್ಪಿ ಬಂತು. ಕತ್ತೆ ಅಂದ್ರೆ ಏನು ಸಾರ್? ದುಡಿಯೋ ಪ್ರಾಣಿ. ನೀವೂ ದುಡೀತೀರಿ."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ಬಾಗಿಲ ಬಳಿ ಜವಾನ ಕೆಮ್ಮಿನಂತೆ ಕೇಳಿಸುವ ಏನನ್ನೋ ಮಾಡಿದ. "ನೀವು ರೇಡಿಯೋ ರಿಪೇರಿ ಮಾಡ್ತೀರಿ ಅಂತ ಕೇಳಿದೆ," ಎಂದರು ಮ್ಯಾನೇಜರ್, ಒಂದೊಂದೇ ಶಬ್ದವನ್ನು ತೂಗಿ. "ಈ ಕರೆಗಂಟೆ ಕೆಟ್ಟಿದೆ, ನೋಡ್ತೀರಾ ಅಂತ ಕೇಳೋಕೆ ಕರೆಸಿದ್ದು. ಈಗ ಹೇಳಿ. ಯಾರು ಕತ್ತೆ?"

ಸಾಹೇಬರು ಎಲ್ಲವನ್ನೂ ಹೇಳಿದರು. ಹೆದರಿದಾಗ ಅವರು ಸುಳ್ಳು ಹೇಳಲಾರರು, ಅದಕ್ಕೂ ಸ್ವಲ್ಪ ಧೈರ್ಯ ಬೇಕು. ಕೇಳಿ ಮುಗಿಸಿದ ಮ್ಯಾನೇಜರ್ ಕಿಟಕಿಯಾಚೆ ನೋಡುತ್ತ, "ಊರೊಳಗೆ ಅಂದಿದ್ರೆ ಊರೊಳಗೆ ಕ್ಷಮೆ ಕೇಳಿ ಅಂತಿದ್ದೆ. ನೀವು ಪ್ರಪಂಚಕ್ಕೆ ಅಂದಿದೀರಿ. ನಾನು ಕತ್ತೆ ಅಲ್ಲ ಅಂತ ಪ್ರಪಂಚಕ್ಕೇ ಹೇಳಬೇಕು. ಬರೋ ಭಾನುವಾರ. ನಾನು ಖುದ್ದು ಬರ್ತೀನಿ. ಇಲ್ಲದಿದ್ರೆ ಸೋಮವಾರದಿಂದ ನೀವು ಚರಂಡಿ ವಿಭಾಗ," ಎಂದರು.

ಸುದ್ದಿ ಸಾಹೇಬರಿಗಿಂತ ಮೊದಲು ಮನೆ ಸೇರಿತ್ತು. ಮಾಲೀಕರು ಊದಿದ ಕೆನ್ನೆಯಲ್ಲೇ ತೀರ್ಪು ಕೊಟ್ಟರು: "ಅವರಿಗೆ ಹೇಳೋದಾದ್ರೆ ನನಗೂ ಹೇಳಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡು." ಸಾಹೇಬರು ಮಹಡಿ ಹತ್ತಿದರೆ ಅಲ್ಲಿ ಇನ್ನೊಂದು ಸಿಡಿಲು. ಇರುವ ಒಂದೇ ಒಳ್ಳೆಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಕಾಲ ಬಳಿ ಟ್ರಂಕು. ಮಗಳು ಬೇಸರದಲ್ಲಿ ಫೋನು ಮಾಡಿದ್ದಳು.

"ಬನ್ನಿ ಅಳಿಯಂದಿರೇ," ಎಂದರು ಮಾವ. "ಎಂಜಲು ಕೈಯಲ್ಲಿ ಕಾಗೆ ಓಡಿಸದವನಂತೆ ನಾನು?"

"ಮಾವ, ಅದು..."

"ಬೇಡ. ನನಗೆ ಕೋಪ ಇಲ್ಲ. ಅಲ್ಲ ಅಂತ ಪ್ರಪಂಚಕ್ಕೆ ಹೇಳಿ. ಹೇಳೋವರೆಗೂ ನಾನು ಇಲ್ಲೇ ಇರ್ತೀನಿ."

ಚರಂಡಿ ವಿಭಾಗ, ಮನೆ ಖಾಲಿ, ಇವೆರಡೂ ಸಾಹೇಬರನ್ನು ಹೆದರಿಸಿದ್ದವು. ಮೂರನೆಯದು ಅವರ ನಾಲಿಗೆಯನ್ನೇ ಒಣಗಿಸಿತು.

ಆ ವಾರ ಅವರು ಬದುಕಿದ್ದಷ್ಟೇ ಹೆಚ್ಚು. ಲೈಸೆನ್ಸು ಕೊಟ್ಟ ಇಲಾಖೆಯವರು ತಪ್ಪು ಮಾಡಿದವರನ್ನು ಗಾಡಿಯಲ್ಲಿ ಹುಡುಕಿಕೊಂಡು ಬರುತ್ತಾರೆಂದು ಎಲ್ಲೋ ಕೇಳಿದ್ದರು. ಗುರುವಾರ ಬೆಳಿಗ್ಗೆ ನೆತ್ತಿಯ ಮೇಲೆ ಉದ್ದನೆಯ ಕಂಬವಿದ್ದ ಗಾಡಿಯೊಂದು ಮನೆಯ ಮುಂದೆಯೇ ನಿಂತಾಗ ಸಾಹೇಬರು ಮಂಚದ ಕೆಳಗೆ ಸೇರಿ, "ನಾನು ಊರಲ್ಲಿಲ್ಲ ಅನ್ನು," ಎಂದರು.

"ಬಣ್ಣ ಬಳಿಯೋರು ಕಣ್ರೀ. ಎದುರುಮನೆಗೆ ಏಣಿ ತಂದಿದಾರೆ."

"ವೇಷ ಹಾಕಿಕೊಂಡಿರ್ತಾರೆ."

ಬಣ್ಣ ಬಳಿಯುವವರು ಇಡೀ ಗೋಡೆ ಮುಗಿಸಿ ಹೋಗುವವರೆಗೂ ಸಾಹೇಬರು ಮಂಚದ ಕೆಳಗಿನಿಂದ ಹೊರಬರಲಿಲ್ಲ. ಮಾವನವರು ಅಳಿಯನ ಪಾಲಿನ ತಿಂಡಿ ವ್ಯರ್ಥವಾಗದಂತೆ ನೋಡಿಕೊಂಡರು.

ಭಾನುವಾರ ಬಂತು. ಮ್ಯಾನೇಜರ್ ಇಸ್ತ್ರಿ ಮಾಡಿದ ಕೋಟು ತೊಟ್ಟು, ಫೋಟೋ ತೆಗೆಸಿಕೊಳ್ಳಲು ಬಂದವರಂತೆ ಕೂದಲು ಬಾಚಿ ಬಂದಿದ್ದರು. ಮಾಲೀಕರ ಹಲ್ಲು ವಾಸಿಯಾಗಿತ್ತು. ಲೋಕ ಕೇಳುವುದಾದರೆ ಒಂದು ಕೀರ್ತನೆ ಹಾಡಿಯೇ ತೋರಿಸಬಹುದಲ್ಲ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಾವ ಕುರ್ಚಿ ಬಿಟ್ಟಿರಲಿಲ್ಲ. ಸೆಟ್ಟು ರಿಪೇರಿಗೆಂದು ಸಾಹೇಬರೇ ಹೋಗಿ ಹಡಗಿನ ತಾತನನ್ನು ಕರೆತಂದಿದ್ದರು. ನಲವತ್ತು ವರ್ಷ ಹೆಡ್‌ಫೋನು ಹಾಕಿದ ಆ ಮುದುಕರಿಗೆ ಪಕ್ಕದಲ್ಲಿ ಕೂಗಿದರೆ ಅರ್ಧ ಕೇಳಿಸುತ್ತಿತ್ತು, ರೇಡಿಯೋದಲ್ಲಿ ಪಿಸುಗುಟ್ಟಿದರೆ ಪೂರ್ತಿ ಕೇಳಿಸುತ್ತಿತ್ತು.

ತಾತ ಮುಚ್ಚಳ ತೆಗೆದರು. ರಿಲೇ ನೋಡಿ, "ಅರ ಹಾಕಿದೀಯಾ?" ಎಂದು ಕೇಳಿದರು. ತಾತ ಬಾಗಿದ ಎಲೆಯನ್ನು ಇಕ್ಕಳದಿಂದ ನೆಟ್ಟಗೆ ಮಾಡಿ, ಸ್ಪಿರಿಟ್ಟಿನ ಕಾಗದ ಎಳೆದರು. ಕಪ್ಪು ಬಿಟ್ಟಿತು. ಗುಂಡಿ ಒತ್ತಿದರೆ ಟಿಕ್, ಬಿಟ್ಟರೆ ಟಿಕ್. ಆಮೇಲೆ ಅಭ್ಯಾಸಬಲದಿಂದ ಸೆಟ್ಟಿನ ಬೆನ್ನಿಗೆ ಕೈಹಾಕಿ, ಮಾಳಿಗೆಯ ತಂತಿ ಬಂದು ಸೇರುವ ಪ್ಲಗ್ಗನ್ನು ಅಲ್ಲಾಡಿಸಿದರು. ಪ್ಲಗ್ಗು ಅಲ್ಲೇ ಉಳಿಯಿತು, ತಂತಿ ಕೈಗೆ ಬಂತು.

"ಇದನ್ನ ಯಾರು ಹಾಕಿದ್ದು?"

"ನಾನೇ," ಎಂದರು ಸಾಹೇಬರು.

"ಒಳಗಿನ ತಂತಿಗೆ ಬೆಸುಗೆನೇ ಹಾಕಿಲ್ಲ. ಸುಮ್ಮನೆ ತುರುಕಿದೀಯ. ಪಕ್ಕದಲ್ಲಿ ಸೋಕಿಕೊಂಡು ಅಷ್ಟಿಷ್ಟು ಕೇಳಿಸಿರುತ್ತೆ. ನಿನ್ನ ಮಾತು ಮಾತ್ರ ಒಂದು ದಿನಾನೂ ಈ ಕೋಣೆ ದಾಟಿಲ್ಲ ಕಣಯ್ಯಾ. ಪುಣ್ಯಕ್ಕೆ ವಾಲ್ವು ಸುಟ್ಟಿಲ್ಲ."

ಸಾಹೇಬರ ಮುಖದಲ್ಲಿ ಒಂದು ವಾರದ ನಂತರ ರಕ್ತ ಸಂಚಾರವಾಯಿತು. "ಹಾಗಾದ್ರೆ ಯಾರೂ ಕೇಳಿಸಿಕೊಂಡಿಲ್ಲ! ಮ್ಯಾನೇಜರ್ ಸಾರ್, ಯಾರೂ ಕೇಳಿಸಿಕೊಂಡಿಲ್ಲ! ಇಡೀ ಪ್ರಪಂಚದಲ್ಲಿ ಒಬ್ಬರಿಗೂ ಗೊತ್ತಿಲ್ಲ!"

"ನಮಗೆ ಗೊತ್ತಲ್ಲ," ಎಂದರು ಮ್ಯಾನೇಜರ್.

"ಅದು ನಾನೇ ಹೇಳಿದ್ರಿಂದ..."

ಹೇಳುತ್ತ ಹೇಳುತ್ತ ಸಾಹೇಬರಿಗೆ ತಾವು ಹೇಳುತ್ತಿರುವುದೇನೆಂದು ಅರ್ಥವಾಗಿ ದನಿ ಸಣ್ಣದಾಯಿತು. ಹೆಂಡತಿಗೆ ಕನಿಕರ ಬಂತು. "ಸರಿ ಬಿಡಿ, ಯಾರೂ ಕೇಳದ ಬೈಗುಳಕ್ಕೆ ಕ್ಷಮೆ ಯಾಕೆ? ಕಾಫಿ ಕುಡ್ಕೊಂಡು ಹೋಗಿ," ಎಂದರು.

"ಅದು ಹೇಗೆ?" ಮ್ಯಾನೇಜರ್ ಎದ್ದು ನಿಂತರು. "ಇವತ್ತು ಪ್ರಪಂಚದಲ್ಲೆಲ್ಲ ನನ್ನ ಹೆಸರು ಕೇಳುತ್ತೆ ಅಂತ ಮನೆಯವರಿಗೆ, ಅಕ್ಕಪಕ್ಕದವರಿಗೆ ಹೇಳಿ ಬಂದಿದೀನಿ. ಸುಮ್ಮನೆ ವಾಪಸ್ ಹೋಗೋಕಾಗುತ್ತಾ?"

"ನಾನು ಬೆಳಿಗ್ಗೆಯಿಂದ ಬಿಸಿನೀರು ಕುಡೀತಾ ಇದೀನಿ," ಎಂದರು ಮಾಲೀಕರು.

ಮಾವ ಟ್ರಂಕನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದರು.

"ಬೆಸುಗೆ ಹಾಕಿ ತಾತ," ಎಂದರು ಸಾಹೇಬರು ಅಳುದನಿಯಲ್ಲಿ.

ಸೀಸದ ಹೊಗೆ ಕೋಣೆ ತುಂಬಿತು. ತಾತ ಪ್ಲಗ್ಗು ಹಾಕಿ ಸೆಟ್ಟನ್ನು ಹದಕ್ಕೆ ತಂದರು. "ಭಾಷಣ ಮಾಡೋಕೆ ಕಾನೂನು ಬಿಡಲ್ಲ. ಯಾರಾದ್ರೂ ಸಿಕ್ಕಿದ್ರೆ ಅವರ ಹತ್ರ ಮಾತಾಡು, ಅಷ್ಟೆ. ಗುಂಡಿ ಒತ್ತು, ಹೇಳು, ಮಾತು ಪೂರ್ತಿ ಮುಗಿದ ಮೇಲೆ ಬಿಡು," ಎಂದು ಮೈಕನ್ನು ಕೈಗೆ ಕೊಟ್ಟರು.

"ಹಲೋ... ಹಲೋ... ಯಾರಾದರೂ ಕೇಳಿಸಿಕೊಳ್ತಾ ಇದೀರಾ?"

ಅದುವರೆಗೆ ಆ ಪ್ರಶ್ನೆಗೆ ಉತ್ತರ ಬಂದಿರಲಿಲ್ಲವಾದ್ದರಿಂದ ಸಾಹೇಬರು ನಿಶ್ಚಿಂತೆಯಿಂದ ಕೇಳಿದ್ದರು.

"ಕೇಳಿಸ್ತಾ ಇದೆ!" ಎಂದಿತು ಸ್ಪೀಕರು, ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ. "ಗಂಟೆ ಹೊಡೆದ ಹಾಗಿದೆ ನಿಮ್ಮ ದನಿ! ಬಹಳ ದೂರದಲ್ಲಿದೀನಿ. ನಮ್ಮ ಭಾಷೆ ಕೇಳಿ ಎಷ್ಟು ದಿನ ಆಗಿತ್ತು! ಹೇಳಿ ಸಾರ್, ಏನು ಸಮಾಚಾರ?"

ಸಾಹೇಬರು ಮೈಕನ್ನು ಕೆಳಗೆ ಬೀಳಿಸಿದರು. ಹೆಂಡತಿ ಎತ್ತಿಕೊಟ್ಟರು. ಬೆವರಿದ ಹೆಬ್ಬೆರಳು ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಮ್ಯಾನೇಜರ್ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು.

"ನಮ್ಮ ಮ್ಯಾನೇಜರು," ಎಂದರು ಸಾಹೇಬರು ಉಗುಳು ನುಂಗಿ, "ಕೋಟು ಹಾಕಿದ ಕತ್ತೆ..." ಹೆಬ್ಬೆರಳು ಜಾರಿತು. ಟಿಕ್. "ಅಲ್ಲ."

ಮ್ಯಾನೇಜರ್ ಸಮಾಧಾನದಿಂದ ತಲೆಯಾಡಿಸಿದರು. ಸಾಹೇಬರು ಕಣ್ಣು ಮುಚ್ಚಿ ಮತ್ತೆ ಗುಂಡಿ ಒತ್ತಿದರು.

"ನಮ್ಮ ಮನೆ ಮಾಲೀಕರ ಹಾಡು ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಕೂಗು..." ಟಿಕ್. "ಅಲ್ಲ. ಅಲ್ಲವೇ ಅಲ್ಲ."

ಮಾಲೀಕರು ಮಫ್ಲರು ಸರಿಮಾಡಿಕೊಂಡು ಮುಗುಳ್ನಕ್ಕರು.

"ನಮ್ಮ ಮಾವನವರು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣರು..." ಟಿಕ್. "ಅಲ್ಲ."

"ಚೆನ್ನಾಗಿ ಹೇಳಿದ್ರಿ ಅಳಿಯಂದಿರೇ," ಎಂದು ಮಾವ ಮೊದಲ ಬಾರಿಗೆ ಕುರ್ಚಿಯಿಂದೆದ್ದರು. ಸಾಹೇಬರು ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು. ವಾರದುದ್ದಕ್ಕೂ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು. ಎಲ್ಲರೂ ಸ್ಪೀಕರಿನ ಕಡೆ ಬಾಗಿದರು.

ಸ್ವಲ್ಪ ಹೊತ್ತು ಬರೀ ಸುಯ್ ಎಂಬ ಸದ್ದು. ಆಮೇಲೆ ಆ ದೂರದ ದನಿ ಬಂತು. ಅದರಲ್ಲಿ ಆಳವಾದ ಅನುಕಂಪವಿತ್ತು.

"ಎಲ್ಲ ಸ್ಪಷ್ಟವಾಗಿ ಕೇಳಿಸ್ತು ಸಾರ್. ಮ್ಯಾನೇಜರು ಕೋಟು ಹಾಕಿದ ಕತ್ತೆ, ಮನೆ ಮಾಲೀಕರ ಹಾಡು ಬೆಕ್ಕಿನ ಕೂಗು, ಮಾವ ಜಿಪುಣ. ಅಬ್ಬಬ್ಬಾ! ಒಬ್ಬ ಮನುಷ್ಯನಿಗೆ ಇಷ್ಟೊಂದು ಕಷ್ಟಾನಾ? ಗುರುತಿಲ್ಲದ ನನ್ನ ಹತ್ರ ಮನಸ್ಸು ಬಿಚ್ಚಿ ಹೇಳಿಕೊಂಡ್ರಲ್ಲ, ದೊಡ್ಡ ಮಾತು. ಧೈರ್ಯವಂತರು ನೀವು."

ಸಾಹೇಬರು ಗುಂಡಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ, "ಅಲ್ಲ! ಅಲ್ಲ! ಅಲ್ಲ ಅಂದೆ!" ಎಂದು ಕಿರುಚಿದರು. ಆದರೆ ಅಷ್ಟರಲ್ಲಿ ವಾತಾವರಣ ನಿಜವಾಗಿಯೂ ಕೆಡತೊಡಗಿತ್ತು. ಗುಂಡಿ ಬಿಟ್ಟಾಗ ದನಿ ಅಲೆಯಲೆಯಾಗಿ ಏಳುತ್ತ ಬೀಳುತ್ತ ಬಂತು.

"...ಕೇಳಿಸ್ತಿಲ್ಲ ಸಾರ್... ಮಸುಕಾಗ್ತಿದೆ... ಚಿಂತೆ ಮಾಡಬೇಡಿ... ನಮ್ಮ ಗೆಳೆಯರ ಬಳಗ ದೊಡ್ಡದು, ಎಲ್ಲ ದೇಶದಲ್ಲೂ ಇದಾರೆ... ಎಲ್ಲರಿಗೂ ತಿಳಿಸ್ತೀನಿ... ನಮಸ್ಕಾರ..."

ಮತ್ತೆ ಸುಯ್ ಎಂಬ ಸದ್ದು ಉಳಿಯಿತು.

ಮ್ಯಾನೇಜರ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಮಾಲೀಕರು ಮಫ್ಲರನ್ನು ತಲೆಯವರೆಗೆ ಸುತ್ತಿಕೊಂಡರು. ಮಾವ ಕುರ್ಚಿಯನ್ನು ಸೆಟ್ಟಿನ ಹತ್ತಿರಕ್ಕೆ ಎಳೆದುಕೊಂಡು, ಈ ಸಲ ಇನ್ನೂ ಭದ್ರವಾಗಿ ಕೂತರು. ಮೂವರೂ ಸಾಹೇಬರ ಕಡೆ ನೋಡುತ್ತಿದ್ದರು. ಸಾಹೇಬರು ಮಂಚದ ಕೆಳಗಿನ ಜಾಗದ ಕಡೆ ನೋಡುತ್ತಿದ್ದರು.

ಕೋಣೆಯ ಮಾತೊಂದೂ ಕಿವಿಗೆ ಬೀಳದ ಹಡಗಿನ ತಾತ ಮಾತ್ರ ಇಕ್ಕಳ, ಬೆಸುಗೆ ಕಡ್ಡಿಗಳನ್ನು ಚೀಲಕ್ಕೆ ತುಂಬಿಕೊಂಡು, ಬಿಸಿಯೇರಿದ ಬೂದು ತಗಡಿನ ಮೈಯನ್ನು ಪ್ರೀತಿಯಿಂದ ತಟ್ಟಿದರು.

"ನೋಡಿದ್ರಾ?" ಎಂದರು ಎಲ್ಲರ ಕಡೆ ತಿರುಗಿ. "ಈಗ ಸರಿಯಾಯ್ತು."